ಎರಡು ಕಿಲೋ

“ನಿಲ್ಸಿ, ನಿಲ್ಸಿ! ಕೈ ಜಾರ್ತಿದೆ!”

ಎರಡನೆಯ ಮಹಡಿಯಿಂದ ಇಳಿಯುತ್ತಿದ್ದ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಉಜ್ಜಿ ನಿಂತಿತು. ಹೊತ್ತಿದ್ದ ನಾಲ್ವರೂ ಏದುಸಿರು ಬಿಡುತ್ತ ಅದನ್ನು ಕಂಬಿಗೆ ಆನಿಸಿದರು. ಅವರ ಹಿಂದೆ ಇಳಿಯುತ್ತಿದ್ದ ಸತ್ತವರ ತಂಗಿ ಕೈಚೀಲವನ್ನು ಎದೆಗವಚಿಕೊಂಡು ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟರು.

“ನೋಡೋಕೆ ಕಡ್ಡಿ ಹಾಗಿದ್ರು. ಏನ್ರೀ ಇದು, ಇಷ್ಟು ಭಾರ!” ಎಂದ ಕೆಳಮನೆಯ ಬಡಗಿ.

“ಪೆಟ್ಟಿಗೆಗೆ ಇಪ್ಪತ್ತು ಕಳಿ,” ಎಂದರು ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದ ಮುದುಕರು. ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಸತ್ತವರ ಜೊತೆ ಇಪ್ಪತ್ತಾರು ವರ್ಷ ದುಡಿದ ಗೆಳೆಯ ಅವರು. “ಒಳಗಿರೋದು ಅರವತ್ತೈದು ಕಿಲೋ. ನನ್ನ ಹೆಗಲು ಸುಳ್ಳು ಹೇಳಲ್ಲ. ಬೇಕಾದ್ರೆ ಬಾಜಿ ಕಟ್ಟು.”

“ಹೆಣದ ಮೇಲೂ ಬಾಜಿನಾ, ಯಜಮಾನ್ರೇ?”

“ಅವನು ಎದ್ದು ಕೂತಿದ್ರೆ ಮೊದಲು ಅವನೇ ಕಟ್ಟಿರೋನು.”

ಬಡಗಿ ನಕ್ಕ. ಆದರೆ ಕೆಳಗೆ ಬಾಗಿಲು ಹಿಡಿದು ನಿಂತಿದ್ದ ಸತ್ತವರ ಮಗಳು ನಗಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ಆಕೆ. ಅಂಕಿ ಕಿವಿಗೆ ಬಿದ್ದರೆ ಬಿಡುವವಳಲ್ಲ.

“ಅರವತ್ತೈದು ಹೇಗಾಗುತ್ತೆ, ಚಿಕ್ಕಪ್ಪ? ಸೋಮವಾರ ಬೆಳಿಗ್ಗೆ ಅರವತ್ತೆರಡು ಇದ್ರು. ನಾನೇ ಫೋನಲ್ಲಿ ಕೇಳಿದ್ದೀನಿ.” ಅವಳು ತಲೆಯೆತ್ತಿದಳು. “ಅತ್ತೆ, ಆ ತೂಕದ ಪುಸ್ತಕ ಎಲ್ಲಿ?”

“ಎಲ್ಲೋ ಇದೆ ಕಣಮ್ಮ. ಆಮೇಲೆ ಹುಡುಕೋಣ.”

ಪುಸ್ತಕ ಅವರ ಕೈಚೀಲದಲ್ಲೇ ಇತ್ತು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದ ಟೀಚರ್ ಅವರು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ, “ತಪ್ಪು ಮಾಡಿದವರಿಗೆ ಕ್ಷಮೆ ಉಂಟು, ಮುಚ್ಚಿಟ್ಟವರಿಗೆ ಇಲ್ಲ” ಎಂದು ಗದರಿಸಿದವರು. ಈಗ ಅವರು ಕೈಚೀಲದ ಜಿಪ್ಪನ್ನು ಕೊನೆಯವರೆಗೂ ಎಳೆದರು. ಪೆಟ್ಟಿಗೆ ಮತ್ತೆ ಹೊರಟಿತು. ಒಂದೊಂದು ಮೆಟ್ಟಿಲಿಗೂ ಹೊತ್ತವರು ನರಳಿದರು. ಆ ನರಳಿಕೆಯೆಲ್ಲ ತಮ್ಮ ವಿರುದ್ಧದ ಸಾಕ್ಷಿಯೆಂಬಂತೆ ಟೀಚರಿಗೆ ಕೇಳಿಸಿತು.

*

ಲಾರಿಯವರು ಅಣ್ಣನನ್ನು ‘ಮುಳ್ಳಣ್ಣ’ ಎಂದು ಕರೆಯುತ್ತಿದ್ದರು. ತಕ್ಕಡಿಯ ಮುಳ್ಳು ಎಲ್ಲಿ ನಿಂತಿತೋ ಆ ಮನುಷ್ಯನ ಮಾತೂ ಅಲ್ಲೇ ನಿಲ್ಲುತ್ತಿತ್ತು. ಒಮ್ಮೆ ಒಬ್ಬ ದೊಡ್ಡ ಗುತ್ತಿಗೆದಾರ ಹೆಚ್ಚು ಹೊರೆಯ ಲಾರಿ ತಂದು, ಅರ್ಧ ಟನ್ನು ಕಡಿಮೆ ಬರೆಯಿರೆಂದು ಬೆದರಿಸಿದ. ಇವರು ಬರೆಯಲಿಲ್ಲ. ವಾರದೊಳಗೆ ಇವರನ್ನು ಎತ್ತಂಗಡಿ ಮಾಡಿ, ಹೆಂಡತಿಯ ಬಾಣಂತನದ ಕಾಲದಲ್ಲೇ ಊರಾಚೆಯ ಧೂಳಿನ ಗೇಟಿಗೆ ಹಾಕಿದರು. ನ್ಯಾಯವಂತನಿಗೆ ಧೂಳು, ಕಳ್ಳನಿಗೆ ಕುರ್ಚಿ. ಆ ಕಚೇರಿಯಲ್ಲಿ ಯಾರಿಗೂ ಇದು ಅನ್ಯಾಯವೆನಿಸಲಿಲ್ಲ. ಮುಳ್ಳಣ್ಣ ಮಾತ್ರ ತಮ್ಮ ಪುಸ್ತಕ, ಪೆನ್ನು, ಒಂದು ಸಣ್ಣ ಸ್ಟೌ ಹೊತ್ತುಕೊಂಡು ಅಲ್ಲಿಗೆ ಹೋದರು.

ಆ ಸ್ಟೌವಿನ ಮೇಲೆಯೇ ಅವರಿಗೆ ನೂಡಲ್ಸಿನ ಹುಚ್ಚು ಹತ್ತಿದ್ದು. ರಾಮೆನ್ ಎಂಬ ಪ್ಯಾಕೆಟ್ಟಿನ ಜಪಾನಿ ನೂಡಲ್ಸ್ ಅದು; ಬೇರೆಯವರು ಎರಡು ನಿಮಿಷದಲ್ಲಿ ಮಾಡಿ ಮುಗಿಸುವುದನ್ನು ಅವರು ಅರ್ಧ ಗಂಟೆಯ ವ್ರತದಂತೆ ಮಾಡುತ್ತಿದ್ದರು. ಮೊದಲು ಬಟ್ಟಲಿಗೆ ಬಿಸಿನೀರು ತುಂಬಿ ಅದನ್ನು ಕಾಯಿಸಿಡಬೇಕು. ಮೊಟ್ಟೆ ಆರೂವರೆ ನಿಮಿಷ ಬೇಯಬೇಕು, ಒಂದು ಕ್ಷಣವೂ ಹೆಚ್ಚಲ್ಲ. ಎಳೆಗಳನ್ನು ಮುರಿಯಕೂಡದು. ಈರುಳ್ಳಿಸೊಪ್ಪು ಕೊನೆಗೆ, ಎಳ್ಳೆಣ್ಣೆ ನಾಲ್ಕೇ ಹನಿ. ಹೆಂಡತಿ ತೀರಿಕೊಂಡು, ಮಗಳು ಮದುವೆಯಾಗಿ, ತಂಗಿ ಜೊತೆಗೆ ಬಂದು ನೆಲೆಸಿದ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಎರಡು ಬಟ್ಟಲು ಮೇಜಿನ ಮೇಲೆ ಬರುತ್ತಿದ್ದವು.

“ಮಾತು ಆಮೇಲೆ. ಮೆತ್ತಗಾಗೋದ್ರೊಳಗೆ ತಿನ್ನು,” ಎನ್ನುತ್ತಿದ್ದರು.

“ಅಷ್ಟು ಸದ್ದು ಮಾಡಿ ತಿಂತಾರಾ, ಅಣ್ಣ? ಕೆಳಮನೆ ಬಡಗಿ ಗರಗಸ ನಿಲ್ಸಿ ಕೇಳಿಸ್ಕೊಳ್ತಾನೆ.”

“ಕೇಳಿಸ್ಕೊಳ್ಳಲಿ. ಪಾಪ, ಅವನ ಮನೇಲಿ ಇಷ್ಟು ರುಚಿಯಾದ ಸದ್ದೇ ಇಲ್ಲ.”

ಕಳೆದ ವರ್ಷ ಹೃದಯ ಸೋತಿತು. ವೈದ್ಯರು ಉಪ್ಪು ಬಿಡಿಸಿದರು, ನೀರಿಗೂ ಅಳತೆ ಹಾಕಿದರು. ದಿನಾ ಬೆಳಿಗ್ಗೆ ತೂಕ ನೋಡಬೇಕು; ಒಂದು ಕಿಲೋ ಏರಿದರೂ ಮೈಯಲ್ಲಿ ನೀರು ನಿಲ್ಲುತ್ತಿದೆಯೆಂದು ಅರ್ಥ, ಕೂಡಲೇ ಮಗಳಿಗೆ ತಿಳಿಸಬೇಕು. ಅಣ್ಣನಿಗೆ ಬಗ್ಗಿ ಕಾಲ ಕೆಳಗಿನ ತಕ್ಕಡಿಯ ಮುಳ್ಳು ನೋಡಲು ಆಗುತ್ತಿರಲಿಲ್ಲ. ಹೀಗೆ ಜೀವಮಾನವಿಡೀ ಊರ ಲಾರಿಗಳನ್ನು ತೂಗಿದವರು ತಕ್ಕಡಿಯೇರಿ ನಿಲ್ಲುವುದು, ತಂಗಿ ಮುಳ್ಳು ಓದಿ ಪುಸ್ತಕದಲ್ಲಿ ಬರೆಯುವುದು, ಮಗಳು ಫೋನಿನಲ್ಲಿ ಕೇಳುವುದು ನಿತ್ಯದ ಕ್ರಮವಾಯಿತು.

*

ಚಿತಾಗಾರದ ಹೊರಗಿನ ಕೋಣೆಯಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮುಂದಿನ ಸರದಿ ಇವರದು. ಎದುರಿನ ಸಾಲಿನಲ್ಲಿ ಕುಳಿತ ಬಂಧುಗಳು ಊಟದ ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದರು. ಸತ್ತವರಿಗೆ ಇಲ್ಲದ ಅವಸರ ಬದುಕಿದವರಿಗೆ ಎಲ್ಲಿಂದ ಬರುತ್ತದೋ!

“ಪುಣ್ಯವಂತ. ನರಳದೆ ಹೋದ,” ಎಂದರು ಅವರಲ್ಲೊಬ್ಬರು.

ನರಳಿದ್ದನ್ನು ಕಂಡವರು ಟೀಚರ್ ಒಬ್ಬರೇ. ಸೋಮವಾರ ಸಂಜೆ ಅಣ್ಣ ಕಿಟಕಿಯ ಕಂಬಿ ಹಿಡಿದು, ನೀರಲ್ಲಿ ಮುಳುಗುವವರಂತೆ ಗಾಳಿಗಾಗಿ ಬಾಯಿ ತೆರೆದದ್ದು, ಆಂಬುಲೆನ್ಸ್ ಬರುವಷ್ಟರಲ್ಲಿ ಕೈ ಸಡಿಲಿದ್ದು ಮತ್ತೆ ಕಣ್ಣಿಗೆ ಕಟ್ಟಿತು. ಕೈಚೀಲವನ್ನು ಮಡಿಲಿಗೆ ಒತ್ತಿಹಿಡಿದರು.

ಮಗಳು ಬಂದು ಪಕ್ಕದಲ್ಲಿ ಕುಳಿತಳು. ಪುಸ್ತಕ ಕೇಳುತ್ತಾಳೆ, ಚೀಲ ಕಿತ್ತುಕೊಳ್ಳುತ್ತಾಳೆ, ಎಲ್ಲರ ಎದುರು ಓದುತ್ತಾಳೆ ಎಂದುಕೊಂಡು ಟೀಚರ್ ಚೀಲವನ್ನು ಇನ್ನೊಂದು ಮಗ್ಗುಲಿಗೆ ಸರಿಸಿದರು.

“ಅತ್ತೆ, ನನ್ನಿಂದಲೇ ಅಪ್ಪ ಹೋಗಿದ್ದು.”

“ಏನಂದೆ?”

“ಸೋಮವಾರ ಫೋನಲ್ಲಿ ಮಾತಾಡ್ವಾಗ ಅಪ್ಪನ ಉಸಿರು ಸ್ವಲ್ಪ ಎಳೀತಿತ್ತು. ನಂಗೆ ಕೇಳಿಸ್ತು. ಬರೋಣ ಅಂದ್ಕೊಂಡೆ. ಆದ್ರೆ ನೀವು ಅರವತ್ತೆರಡು ಅಂದ್ರಲ್ಲ, ತೂಕ ಸರಿ ಇದೆ, ಸುಮ್ನೆ ದಣಿವು ಅಂತ ಡ್ಯೂಟಿಗೆ ಹೋದೆ. ಹನ್ನೆರಡು ವರ್ಷ ನರ್ಸು, ಅತ್ತೆ. ಹೆತ್ತ ಅಪ್ಪನ ಉಸಿರು ಗೊತ್ತಾಗಲಿಲ್ಲ. ನಾಳೆಯಿಂದ ಯಾವ ಮುಖ ಇಟ್ಕೊಂಡು ಇನ್ನೊಬ್ಬರ ನಾಡಿ ಹಿಡೀಲಿ?”

ಟೀಚರಿಗೆ ಅಷ್ಟು ಹೊತ್ತು ಇದ್ದದ್ದು ಸಿಕ್ಕಿಬೀಳುವ ಭಯ. ಈಗ ಸಿಕ್ಕಿಬೀಳದೆ ಉಳಿದುಬಿಡುವ ಭಯ ಅದಕ್ಕಿಂತ ದೊಡ್ಡದಾಗಿ ಎದೆಯ ಮೇಲೆ ಕುಳಿತಿತು.

*

ಸಾಯುವ ಎರಡು ದಿನ ಮೊದಲು, ಶನಿವಾರ, ಅಣ್ಣ ಬೇಡಲಿಲ್ಲ, ಗೋಗರೆಯಲಿಲ್ಲ. ಉಪ್ಪಿಲ್ಲದ ಗಂಜಿಯನ್ನು ಚಮಚದಿಂದ ತಿರುವುತ್ತ, “ಮೊಟ್ಟೆ ಆರೂವರೆ ನಿಮಿಷ, ಅಲ್ವಾ?” ಎಂದು ಮಾತ್ರ ಕೇಳಿದರು. ತಂಗಿಗೆ ಅಷ್ಟು ಸಾಕಾಯಿತು. ಹೋಗಿ ಒಂದು ಪ್ಯಾಕೆಟ್ ತಂದರು, ಬಟ್ಟಲು ಕಾಯಿಸಿದರು, ಉಪ್ಪು ತುಂಬಿದ ಮಸಾಲೆಯ ಪುಟ್ಟ ಪೊಟ್ಟಣವನ್ನು ಪೂರ್ತಿ ಸುರಿದರು. ಅಣ್ಣ ಆವಿಗೆ ಮುಖವೊಡ್ಡಿ ಕಣ್ಣು ಮುಚ್ಚಿದರು. ಎಳೆಗಳನ್ನು ಸುರ್ರನೆ ಎಳೆದರು. ಮೊಟ್ಟೆಯ ಹಳದಿ ಜೇನಿನಂತೆ ರಸಕ್ಕೆ ಇಳಿದಾಗ, “ಶಹಬ್ಬಾಸ್!” ಎಂದರು. ಕೊನೆಗೆ ಎರಡೂ ಕೈಯಲ್ಲಿ ಬಟ್ಟಲೆತ್ತಿ ಗಟಗಟ ಕುಡಿದರು. ವರ್ಷದಿಂದ ಬಿಳಚಿಕೊಂಡಿದ್ದ ಮುಖಕ್ಕೆ ರಂಗು ಬಂತು.

ಭಾನುವಾರವಿಡೀ ದಾಹ ದಾಹ ಎಂದು ನೀರು ಕೇಳಿದರು. ಸೋಮವಾರ ತಕ್ಕಡಿಯೇರಿದಾಗ ಮುಳ್ಳು ಅರವತ್ತನಾಲ್ಕರ ಮೇಲೆ ನಿಂತಿತು.

ಹಿಂದಿನ ತಿಂಗಳಷ್ಟೇ ಮಗಳು ಕಪಾಟಿನಲ್ಲಿ ಉಪ್ಪಿನ ಬಿಸ್ಕತ್ತು ಕಂಡು, “ಇನ್ನೊಂದು ಸಲ ಹೀಗಾದ್ರೆ ಅಪ್ಪನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ” ಎಂದಿದ್ದಳು. ಖಾಲಿ ಮನೆ, ಎದುರು ಖಾಲಿ ಕುರ್ಚಿ, ಯಾರ ಸದ್ದೂ ಇಲ್ಲದ ಶನಿವಾರ ಟೀಚರರ ಕಣ್ಣ ಮುಂದೆ ಬಂದವು. ಫೋನು ರಿಂಗಾಗುತ್ತಿತ್ತು.

“ಎಷ್ಟು?” ಎಂದರು ಅಣ್ಣ.

“ಅರವತ್ತೆರಡು.”

ಅಣ್ಣ ತಲೆ ತಗ್ಗಿಸಿ ತಂಗಿಯ ನೆತ್ತಿಯನ್ನು ನೋಡಿದರು. ಇಪ್ಪತ್ತು ಟನ್ನಿನಲ್ಲಿ ಹತ್ತು ಕಿಲೋ ಹೆಚ್ಚಿದ್ದರೂ ಚಕ್ರ ನೋಡಿಯೇ ಹೇಳುತ್ತಿದ್ದ ಮನುಷ್ಯನಿಗೆ ತನ್ನ ಕಾಲ ಕೆಳಗಿನ ಎರಡು ಕಿಲೋ ತಿಳಿಯದೆ ಇರುತ್ತದೆಯೆ?

“ಬರ್ಕೋ ಹಾಗಾದ್ರೆ,” ಎಂದರು, ಮೆಲ್ಲಗೆ.

*

“ಸುಳ್ಳು ಬರೆದೆ,” ಎಂದರು ಟೀಚರ್.

ಮಗಳು ತಿರುಗಿ ನೋಡಿದಳು.

“ಅರವತ್ನಾಲ್ಕು ಇತ್ತು. ಶನಿವಾರ ನೂಡಲ್ಸ್ ಮಾಡ್ಕೊಟ್ಟಿದ್ದೆ, ಮಸಾಲೆ ಪೂರ್ತಿ ಹಾಕಿ. ನೀನು ಅವನ್ನ ಕರ್ಕೊಂಡು ಹೋಗ್ತೀಯ ಅಂತ ಹೆದರಿ ಸುಳ್ಳು ಹೇಳ್ದೆ.” ಚೀಲದಿಂದ ಪುಸ್ತಕ ತೆಗೆದು ಅವಳ ಮಡಿಲಿಗಿಟ್ಟರು. “ನಿನ್ನ ಕಿವಿ ಸರಿಯಾಗೇ ಕೇಳಿಸ್ಕೊಂಡಿತ್ತು ಕಣೇ. ತಪ್ಪು ನಂದು.”

ಎದುರು ಸಾಲಿನ ಗುಸುಗುಸು ನಿಂತಿತು. ಗೆಳೆಯ ಮುದುಕರು ಕನ್ನಡಕ ತೆಗೆದು ಒರೆಸತೊಡಗಿದರು.

ಮಗಳು ಪುಸ್ತಕ ತೆರೆಯಲಿಲ್ಲ. ಅದರ ರಟ್ಟಿನ ಮೇಲೆ ಅಂಗೈ ಊರಿದಳು.

“ಒಂದು ಬಟ್ಟಲಿಂದ ಸಾಯ್ತಿರಲಿಲ್ಲ, ಅತ್ತೆ. ಒಂದು ಇಂಜೆಕ್ಷನ್ ಕೊಟ್ಟಿದ್ರೆ ನೀರು ಇಳೀತಿತ್ತು. ನಿಜ ಹೇಳಿದ್ರೆ ಸಾಕಿತ್ತು. ಅರ್ಧ ಗಂಟೇಲಿ ಬರ್ತಿದ್ದೆ.”

“ಗೊತ್ತು.”

“ಗೊತ್ತು ಅನ್ಬೇಡಿ!” ಕೂಗು ಕೋಣೆಯ ಗೋಡೆಗಳಿಗೆ ಬಡಿಯಿತು. ಆಮೇಲೆ, ಬೇರೆ ಯಾರದೋ ದನಿಯಲ್ಲಿ ಕೇಳಿದಳು: “ಪೂರ್ತಿ ತಿಂದ್ರಾ?”

“ಬಟ್ಟಲೆತ್ತಿ ಕುಡಿದ.”

ಒಳಗಿನಿಂದ ಕೆಲಸಗಾರ ಬಾಗಿಲು ತೆರೆದು, ಮನೆಯವರು ಕೊನೆಯ ಸಲ ನೋಡುವುದಿದ್ದರೆ ಬನ್ನಿ ಎಂದ. ಮಗಳು ಎದ್ದು ಹೋದಳು. ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಟೀಚರ್ ಗೋಡೆ ಹಿಡಿದು ಹಿಂಬಾಲಿಸಿದರು.

ಮುಚ್ಚಳ ತೆರೆದಿತ್ತು. ಮಗಳು ಮುಖದ ಕಡೆ ಹೋಗದೆ ಕಾಲಿನ ಬಳಿ ನಿಂತು, ತಂದೆಯ ಬಲಗಾಲಿನ ಕಾಲುಚೀಲ ಕಳಚಿ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು. ನೀರು ತುಂಬಿದ ಮೈಯನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸುವ ರೀತಿ ಅದು. ಬೆರಳೆತ್ತಿದಾಗ ಅಲ್ಲಿ ಒಂದು ಗುಳಿ ಉಳಿಯಿತು. ತುಂಬಿಕೊಳ್ಳಲಿಲ್ಲ. ಇಬ್ಬರೂ ಅದನ್ನೇ ನೋಡುತ್ತ ನಿಂತರು.

ಆಮೇಲೆ ಅವಳು ಕಾಲುಚೀಲವನ್ನು ಮತ್ತೆ ತೊಡಿಸಹೊರಟಳು. ಊದಿದ ಪಾದದ ಮೇಲೆ ಅದು ಏರಲೊಲ್ಲದು. ಎರಡು ಸಲ ಎಳೆದಳು, ಹಿಮ್ಮಡಿಯಲ್ಲೇ ಸಿಕ್ಕಿಕೊಂಡಿತು.

“ಹಿಮ್ಮಡಿ ಎತ್ತಿ ಹಿಡೀರಿ,” ಎಂದಳು, ಅತ್ತೆಯ ಕಡೆ ನೋಡದೆ.

ಟೀಚರ್ ಎರಡೂ ಅಂಗೈ ಜೋಡಿಸಿ ತಣ್ಣಗಿನ ಹಿಮ್ಮಡಿಯ ಕೆಳಗೆ ಕೊಟ್ಟರು. ಮಗಳು ಕಾಲುಚೀಲದ ಬಾಯಿಗೆ ಹೆಬ್ಬೆರಳುಗಳನ್ನು ತೂರಿಸಿ ಅಗಲಿಸಿ, ಹಲ್ಲು ಕಚ್ಚಿ, ಅಂಗುಲ ಅಂಗುಲವಾಗಿ ಮೇಲೆಳೆಯತೊಡಗಿದಳು. ಬಾಗಿಲಲ್ಲಿ ನಿಂತ ಕೆಲಸಗಾರ ಗಡಿಯಾರ ನೋಡಿ, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಹೊರಗೆ ಸರಿದ.