ಅತ್ತೆಯ ಮಡಿಲಲ್ಲಿ ಸೈರನ್

ನಮ್ಮ ಕಾರಿನಲ್ಲಿ ನಾನು ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತೇನೆ. ನನ್ನ ಗಂಡನ ಅಣ್ಣನಿಗೆ, ಅಂದರೆ ಭಾವನಿಗೆ, ಅದು ಮೊದಲಿನಿಂದಲೂ ಕಣ್ಣಿಗೆ ಬಿದ್ದ ಕಸ. ಮನೆಯ ಸೊಸೆ ಬೀದಿಬೀದಿ ಸುತ್ತಿ ಊರವರ ಹೆಂಡಿರನ್ನೆಲ್ಲ ಕೆಡಿಸುತ್ತಿದ್ದಾಳಂತೆ. ಅಂಥದ್ದರಲ್ಲಿ ಕಳ್ಳರು ಮುಟ್ಟಿದರೆ ಕೂಗಬೇಕಾದ ಕಾರಿನ ಸೈರನ್ ಕೆಟ್ಟಿತು. ಯಾರೂ ಮುಟ್ಟದಿದ್ದರೂ ನಿಂತಲ್ಲೇ ಬೊಬ್ಬೆ ಹೊಡೆಯತೊಡಗಿತು. ಬ್ಯಾಂಕಿನ ಕ್ಯಾಷಿಯರ್ ಒಬ್ಬಳು ಮೊದಲ ಪಾಠಕ್ಕೆಂದು ಬಂದವಳು ಒಂದು ಚಪ್ಪಲಿ ಬಿಟ್ಟು ಓಡಿದಳು. ಅಕ್ಕಪಕ್ಕದವರು ಭಾವನ ಹತ್ತಿರ ದೂರಿತ್ತರು. ಅವರಿಗೆ ಬೇಕಾಗಿದ್ದದ್ದೂ ಅದೇ.

“ಇವತ್ತು ಸಂಜೆ ಕಾರು ಕೊಳ್ಳೋ ಪಾರ್ಟಿ ನೋಡೋಕೆ ಬರ್ತಿದೆ. ಅಮ್ಮ ಸೈನ್ ಹಾಕಿದ್ರೆ ಮುಗೀತು,” ಎಂದರು ಭಾವ.

ಮಾವ ತೀರಿಕೊಂಡ ಮೇಲೆ ಕಾರು ಅತ್ತೆಯ ಹೆಸರಿಗೆ ಬಂದಿದೆ. ಅತ್ತೆಗೆ ಕಿವಿ ಮಂದ. ದೊಡ್ಡ ಮಗ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕುವವರು. ನನ್ನ ಗಂಡನಿಗೋ ಅಣ್ಣನ ಎದುರು ನಾಲಿಗೆಯೇ ಇಲ್ಲ. ಕಾರು ಹೋದರೆ ನನ್ನ ದುಡಿಮೆಯೂ ಹೋದಂತೆ.

“ಸಂಜೆಯೊಳಗೆ ಸರಿ ಮಾಡ್ತೀನಿ,” ಅಂದೆ.

“ನೀನಾ?” ಎಂದು ಭಾವ ನಕ್ಕರು. ಆ ನಗುವಿಗೆ ನನಗೆ ಮೈಯೆಲ್ಲ ಉರಿದುಹೋಯಿತು.

ಕಾರಿನ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಮುಚ್ಚಿ ನೋಡಿದೆ. ಅವುಗಳಲ್ಲಿ ತಪ್ಪಿರಲಿಲ್ಲ. ಬಾನೆಟ್ ಯಾರಾದರೂ ತೆರೆದರೆ ತಿಳಿಯಲೆಂದು ಅದರಡಿ ಒಂದು ಗುಂಡಿ ಇರುತ್ತದೆ. ಬಾನೆಟ್ ಅದನ್ನು ಸರಿಯಾಗಿ ಒತ್ತುತ್ತಿಲ್ಲವೇನೋ ಎಂದು ಹಳೇ ಚಪ್ಪಲಿಯ ರಬ್ಬರ್ ತುಂಡು ಅಂಟಿಸಿದೆ. ಸೈರನ್ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಬಾಯಿ ಬಿಟ್ಟಿತು. ಅಷ್ಟರಲ್ಲಿ ಭಾವ ಸ್ಪ್ಯಾನರ್ ಹಿಡಿದು ಬಂದರು. “ಇಂಥದ್ದಕ್ಕೆಲ್ಲ ಬುಡಕ್ಕೇ ಕೈ ಹಾಕ್ಬೇಕು,” ಎಂದು ಕಾರಿನ ಬ್ಯಾಟರಿಯ ತಂತಿಯನ್ನೇ ಕಿತ್ತರು.

ಸೈರನ್ ಹಿಂದೆಂದೂ ಕೂಗದ ಹಾಗೆ ಕೂಗಿತು. ನಿಲ್ಲಲೇ ಇಲ್ಲ. ಭಾವ ಸ್ಪ್ಯಾನರನ್ನು ತಮ್ಮ ಕಾಲ ಮೇಲೇ ಬೀಳಿಸಿಕೊಂಡು, ಕಿವಿ ಮುಚ್ಚಿ ಒಳಗೆ ಕುಂಟಿದರು. ಸುಳ್ಳೇಕೆ ಹೇಳಲಿ, ನನಗೆ ಬಹಳ ಸಂತೋಷವಾಯಿತು.

ಸಂತೋಷದ ಜೊತೆ ತಲೆಯೂ ಓಡಿತು. ತಂತಿ ಕಿತ್ತರೂ ಕೂಗುತ್ತದೆ ಎಂದರೆ ಅದರ ಹೊಟ್ಟೆಯೊಳಗೇ ಬೇರೆ ಬ್ಯಾಟರಿ ಇದೆ. ಕಳ್ಳ ತಂತಿ ಕತ್ತರಿಸಿದರೂ ಕೂಗಲೆಂದು ಇಟ್ಟದ್ದು. ಬಾಯಿ ಮುಚ್ಚಿಸಲು ಹೋದಷ್ಟೂ ಜೋರಾಗುವ ಜಾತಿ. ಆ ಗಳಿಗೆಯಲ್ಲಿ ಅದು ನನ್ನ ಒಡಹುಟ್ಟಿದ ತಂಗಿ ಅನ್ನಿಸಿತು.

ಆಗ ಅತ್ತೆ ಹೊರಗೆ ಬಂದು ಸೈರನ್ನಿನ ಪಕ್ಕದಲ್ಲೇ ಮುಖ ಅರಳಿಸಿ ನಿಂತರು. “ಏ, ಇದು ನಂಗೆ ಎಷ್ಟು ಚೆನ್ನಾಗಿ ಕೇಳಿಸ್ತಿದೆ ಕಣೆ!”

ಇವರಿಗಿಂತ ಒಳ್ಳೆಯ ಸಹಾಯಕರು ಎಲ್ಲಿ ಸಿಗುತ್ತಾರೆ? ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಸೈರನ್ ಬಿಚ್ಚಿ ಅವರ ಮಡಿಲಿಗೆ ಹಾಕಿದೆ. ಅದರ ಬೆನ್ನಲ್ಲಿ ಸಣ್ಣ ಬೀಗದ ಕಂಡಿಯಿತ್ತು. ಯಾವುದಕ್ಕೆಂದು ಯಾರಿಗೂ ಗೊತ್ತಿಲ್ಲದೆ ಕಾರಿನ ಕೀ ಗೊಂಚಲಲ್ಲಿ ನೇತಾಡುತ್ತಿದ್ದ ಪುಟ್ಟ ಕೀ ಅಲ್ಲಿ ಕೂತಿತು. ಅತ್ತೆ ತಿರುಗಿಸಿದರು, ಗಪ್‌ಚಿಪ್. ಮತ್ತೆ ತಿರುಗಿಸಿದರು, ಬೊಬ್ಬೆ. “ಸಾಕು ಅತ್ತೆ!” ಎಂದು ಕೈ ಮುಗಿದ ಮೇಲೆಯೇ ನಿಲ್ಲಿಸಿದ್ದು.

ಮುಚ್ಚಳ ಬಿಚ್ಚಿದರೆ, ಒಳಗಿನ ಬ್ಯಾಟರಿ ಸೋರಿ, ಸುತ್ತ ಹಸಿರು ಕಿಲುಬು ಕಟ್ಟಿತ್ತು. ಅದರಿಂದಲೇ ಸೈರನ್ನಿಗೆ ಯಾರೋ ತಂತಿ ಕತ್ತರಿಸಿದರೆಂಬ ಭ್ರಮೆ. ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದೆ, ಅಂಗಡಿಗೆ ಓಡಿ ಹೊಸ ಬ್ಯಾಟರಿ ತಂದು ಕೂರಿಸಿದೆ. ಉಜ್ಜುತ್ತಲೇ ಅತ್ತೆಯ ಕಿವಿಯ ಹತ್ತಿರ ಗಂಟಲು ಹರಿಯುವಂತೆ ಹೇಳಿದೆ: “ಭಾವ ಇವತ್ತು ಕಾರು ಮಾರ್ತಿದ್ದಾರೆ!”

ಅತ್ತೆಯ ಮುಖ ಬಿಗಿಯಿತು. “ನಂಗೆ ಅವನು ಏನೋ ಇನ್ಶೂರೆನ್ಸ್ ಪೇಪರ್ ಅಂದ ಹಾಗಿತ್ತು,” ಎಂದರು.

ಭಾವ ಕಿತ್ತ ತಂತಿಯನ್ನು ಬ್ಯಾಟರಿಗೆ ಮತ್ತೆ ಸಿಕ್ಕಿಸಿ, ಮಧ್ಯಾಹ್ನವೆಲ್ಲ ಸೈರನ್ನನ್ನು ಕಾರಿನ ತಂತಿಗೆ ಸೇರಿಸಿ ಇಟ್ಟೆ. ಒಂದು ಸಲವೂ ಕೂಗಲಿಲ್ಲ. ಕೂಗದಂತೆ ಕೀ ತಿರುಗಿಸಿ, ಬಿಚ್ಚಿ ಅತ್ತೆಯ ಮಡಿಲಲ್ಲಿಟ್ಟೆ. ಜಾಗಕ್ಕೆ ಸ್ಕ್ರೂ ಬಿಗಿಯುವುದೊಂದೇ ಬಾಕಿ. ಅಷ್ಟರಲ್ಲಿ ಪಾರ್ಟಿ ಬಂತು.

“ಸರಿಹೋಗಿದೆ,” ಅಂದೆ ಭಾವನಿಗೆ, ಎದೆ ಸೆಟೆದು.

“ಒಳ್ಳೇದೇ ಆಯ್ತು. ಇನ್ನೂ ಒಳ್ಳೆ ರೇಟ್ ಸಿಗುತ್ತೆ,” ಎಂದರು ಭಾವ.

ಅವರ ವ್ಯಾಪಾರಕ್ಕೆ ನಾನೇ ಇಡೀ ದಿನ ಕೈ ಕೊಳೆ ಮಾಡಿಕೊಂಡಿದ್ದೆ. ಭಾವ ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಮುಂದೆ ಕಾಗದ ಹಿಡಿದು ಬೆರಳಿಟ್ಟರು. “ಅಮ್ಮಾ, ಇಲ್ಲಿ.”

ಅತ್ತೆಯ ಮಡಿಲಲ್ಲಿ ಸೈರನ್ ಇತ್ತು. ಪೆನ್ನು ಹಿಡಿಯಬೇಕಾದ ಕೈ ಕೀ ತಿರುಗಿಸಿತು.

ಬೀದಿಯ ಬಾಗಿಲುಗಳೆಲ್ಲ ತೆರೆದವು. ಕೊಳ್ಳಲು ಬಂದವನು ಬೇಡವೇ ಬೇಡವೆಂದು ಕೈಯಾಡಿಸುತ್ತ ಬೈಕ್ ಹತ್ತಿದ. ಭಾವ ಏನೋ ಅರಚುತ್ತಿದ್ದರು. ಅತ್ತೆ ಅಂಗೈಯನ್ನು ಕಿವಿಗೆ ಆನಿಸಿ, ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದರು. ಬೈಕ್ ತಿರುವು ದಾಟಿದ ಮೇಲೆ ಕೀ ತಿರುಗಿಸಿದರು.

“ಈಗ ಹೇಳು. ನನ್ನ ಏನನ್ನ ಮಾರೋಕೆ ಹೊರಟಿದ್ದೆ? ಜೋರಾಗಿ ಹೇಳು, ಎಲ್ರಿಗೂ ಕೇಳಿಸ್ಲಿ.”

ಬೀದಿಯೆಲ್ಲ ಕಾದು ನಿಂತಿತ್ತು. ಭಾವ ಕಾಗದ ಮಡಚಿ ಜೇಬಿಗೆ ತುರುಕಿಕೊಂಡು ಕುಂಟುತ್ತ ಒಳಗೆ ಹೋದರು.

ಸೈರನ್ ಎತ್ತಿಕೊಂಡು ಸ್ಕ್ರೂ ಬಿಗಿಯಲು ಹೋದೆ. ಕೀ ಮಾತ್ರ ಅತ್ತೆ ಕೊಡಲಿಲ್ಲ.