ಅಮ್ಮನ ಎಡಗಾಲು

ಕಾರ್ಯಕ್ರಮ ಟೀವಿಯಲ್ಲಿ ಬರುತ್ತಿದ್ದದ್ದು ರಾತ್ರಿ ಹನ್ನೊಂದೂವರೆಗೆ; ಸ್ಟುಡಿಯೋದಲ್ಲಿ ನಡೆಯುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಹೊರಗೆ ಬಿಸಿಲು ಚುರುಗುಟ್ಟುತ್ತಿರುವಾಗ ಒಳಗೆ ಪ್ಲೈವುಡ್ಡಿನ ಚಂದ್ರನಿಗೆ ಲೈಟು ಹೊತ್ತಿಸಿ, "ನಮಸ್ಕಾರ, ನಿದ್ದೆಗೆಟ್ಟವರೇ!" ಎನ್ನುತ್ತ ನಿರೂಪಕ ಪರದೆ ಸರಿಸಿಕೊಂಡು ಬರುತ್ತಿದ್ದ. ನೆಟ್ಟಗೆ ಬಂದವನಲ್ಲ. ಸೊಂಟಕ್ಕೊಂದು ಕೈ ಕೊಟ್ಟು, ಬಲಗಾಲನ್ನು ಎಳೆದೆಳೆದು ಹಾಕುತ್ತ, "ಅಯ್ಯೋ ಶಿವನೇ, ಈ ಲೋಕ ಎಷ್ಟು ಒಗೆದ್ರೂ ಬಿಳಿ ಆಗಲ್ಲ" ಎಂದು ಗೊಣಗಿಕೊಂಡು ಬರುತ್ತಿದ್ದ. ಅದು ಅವನ ಅಮ್ಮನ ನಡಿಗೆ. ಒಂಬತ್ತು ವರ್ಷದಿಂದ ಜನ ಅದಕ್ಕೇ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಅಮ್ಮ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವಳು. ಮೂವತ್ತೆರಡು ವರ್ಷ ಊರವರ ರಕ್ತ, ಕೀವು, ವಾಂತಿಯನ್ನು ಕುದಿನೀರಿನಲ್ಲಿ ಬಿಳಿ ಮಾಡಿದವಳು. ಸಂಜೆ ಅವಳು ಓಣಿಯ ತುದಿಯಲ್ಲಿ ಕಾಣಿಸಿದ್ದೇ ತಡ, ಹೊಸ್ತಿಲ ಮೇಲೆ ಕಾಯುತ್ತಿದ್ದ ಮಗ ಎದ್ದು ಅವಳಂತೆಯೇ ನಡೆದು ತೋರಿಸುತ್ತಿದ್ದ. ಓಣಿ ನಕ್ಕಿತು. ಶಾಲೆ ನಕ್ಕಿತು. ಕಾರ್ಖಾನೆಗಳ ವಾರ್ಷಿಕೋತ್ಸವಗಳು ನಕ್ಕವು. ರೇಡಿಯೋದಲ್ಲಿ ಕಾಲು ಕಾಣದಾದಾಗ ಗೊಣಗಾಟವೇ ನಗಿಸಿತು. ಕಡೆಗೆ ಟೀವಿಯೂ ನಕ್ಕು, ಮಗ ಅಮ್ಮನ ಒಂದು ಕಾಲಿನ ಮೇಲೆ ಮೂರಂತಸ್ತಿನ ಮನೆ ನಿಲ್ಲಿಸಿದ. ಅವಳು ಮಾತ್ರ ಅಲ್ಲಿಗೆ ಬರಲಿಲ್ಲ. "ಇಲ್ಲಿಂದಾದ್ರೆ ಡ್ಯೂಟಿಗೆ ಹತ್ರ ಕಣೋ" ಎಂದು ಹಳೆ ಓಣಿಯಲ್ಲೇ ಉಳಿದಳು.

ಒಂಬತ್ತಕ್ಕೆ ಮಲಗುವವಳು ಹನ್ನೊಂದೂವರೆಯದನ್ನು ಎಲ್ಲಿ ನೋಡುತ್ತಾಳೆ ಎಂದು ಅವನ ಲೆಕ್ಕ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಆ ದಿನ ಬಣ್ಣ ಹಚ್ಚಿಸಿಕೊಂಡು ಕೂತಿದ್ದಾಗ ಚಪ್ಪಾಳೆ ಮೇಸ್ತ್ರಿ ಬಂದ. ಪ್ರೇಕ್ಷಕರು ಎಲ್ಲಿ ನಗಬೇಕು, ಎಲ್ಲಿ ತಟ್ಟಬೇಕು ಎಂದು ಕ್ಯಾಮೆರಾದ ಪಕ್ಕ ನಿಂತು ಕೈಬೀಸಿ ತೋರಿಸುವುದು ಅವನ ಕೆಲಸ.

"ಅಣ್ಣಾ, ಇವತ್ತು ಆಸ್ಪತ್ರೆ ಲಾಂಡ್ರಿಯವರು ಬಂದವ್ರೆ. ನಲವತ್ತು ಜನ ಹೆಂಗಸರು. ಸೋಪಿನ ವಾಸನೆ ಘಮ್ ಅಂತಿದೆ."

ನಿರೂಪಕ ಕುರ್ಚಿಯಿಂದ ಎದ್ದ. ಪರದೆಯ ಸಂದಿಯಲ್ಲಿ ಇಣುಕಿದ. ಮೂರನೇ ಸಾಲಿನ ತುದಿಯಲ್ಲಿ ನೀಲಿ ಮೇಲಂಗಿಯ ಅಮ್ಮ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುವವಳಂತೆ ಕೂತಿದ್ದಳು.

ಅವನು ನಿರ್ಮಾಪಕಿಯ ಕೋಣೆಗೆ ಓಡಿದ. "ಮೇಡಂ, ಇವತ್ತೊಂದಿನ ಅಮ್ಮನ ನಡಿಗೆ ಬೇಡ."

"ತಲೆ ಕೆಟ್ಟಿದ್ಯಾ? ಅಮ್ಮ ಇಲ್ದೆ ಶೋ ಎಲ್ಲಿದೆ?"

"ಅಮ್ಮ ಇದ್ದಾಳಲ್ಲ, ಅದೇ ಕಷ್ಟ. ಮೂರನೇ ಸಾಲಲ್ಲಿ."

ನಿರ್ಮಾಪಕಿಯ ಕಣ್ಣರಳಿತು. "ಇನ್ನೂ ಒಳ್ಳೇದಾಯ್ತು! ಕ್ಯಾಮೆರಾ ಅವರ ಮೇಲೆ ಬಿಡ್ತೀನಿ. ನಡಿ ನಡಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವನು ಪರದೆಯ ಹಿಂದೆ ಬಂದು ನಿಂತ. ದುಡಿದು ಸವೆದ ಮೈಯನ್ನು ಕಂಡು ನಗುವುದಕ್ಕೆ ಈ ಲೋಕ ಹಾಸ್ಯ ಎನ್ನುತ್ತದೆ. ಸವೆಸಿದವನನ್ನು ಕಂಡು ನಕ್ಕರೆ ಅಧಿಕಪ್ರಸಂಗ ಎನ್ನುತ್ತದೆ. ಅವನು ಇಷ್ಟು ವರ್ಷ ಯಾವ ಕಡೆ ನಿಂತು ಉಂಡಿದ್ದ ಎಂಬುದನ್ನು ಆ ನೀಲಿ ಮೇಲಂಗಿ ಒಂದೇ ನೋಟದಲ್ಲಿ ಹೇಳಿಬಿಟ್ಟಿತ್ತು. ಈಗ ಕಾಲೆಳೆದರೆ ಅಮ್ಮನ ಮುಖ ಮತ್ತೆ ನೋಡಲಾಗದು. ಎಳೆಯದಿದ್ದರೆ ನಾಳೆ ಪರದೆಯ ಹಿಂದೆ ಬೇರೆಯವನು.

ಸಂಗೀತ ಮೊಳಗಿತು. ಅವನು ನೆಟ್ಟಗೆ ನಡೆದು ಬಂದ. ಹಿಂದಿನ ಸಾಲಿನ ಕಾಲೇಜು ಹುಡುಗರು ಕೂಗಿದರು: "ಅಮ್ಮಾ! ಅಮ್ಮಾ!" ಕಿವಿಯಲ್ಲಿ ಸಿಕ್ಕಿಸಿದ್ದ ಇಯರ್‌ಫೋನಿನಲ್ಲಿ ನಿರ್ಮಾಪಕಿ ಚೀರಿದಳು: "ಎಳಿಯೋ ಕಾಲು!"

ಎಳೆದ. ನಾಲ್ಕು ಹೆಜ್ಜೆ. ಹುಡುಗರು ನಕ್ಕರು. ಮುಂದಿನ ನಲವತ್ತು ನೀಲಿ ಮೇಲಂಗಿಗಳು ತುಟಿ ಪಿಟಕ್ಕೆನ್ನಲಿಲ್ಲ. ಮೇಸ್ತ್ರಿ ಗಾಳಿಯಲ್ಲಿ ಈಜುವವನಂತೆ ಕೈ ಬೀಸಿದ. ಊಹುಂ.

"ಏ ಮಂಕೇ, ಆ ಕಾಲಲ್ವೋ!"

ಅಮ್ಮ ಎದ್ದು ನಿಂತಿದ್ದಳು.

"ನಂದು ಎಡಗಾಲು. ಒಂಬತ್ತು ವರ್ಷದಿಂದ ಬಲಗಾಲು ಎಳೀತಿದ್ದೀಯ. ಪಕ್ಕದ್ಮನೆಯೋಳ ಫೋನಲ್ಲಿ ನೋಡಿ ನೋಡಿ ಸಾಕಾಯ್ತು. ಇವತ್ತು ತಿದ್ಕೋತಾನೆ, ನಾಳೆ ತಿದ್ಕೋತಾನೆ ಅಂತ ಕಾದೆ."

ಅವನು ಮೈಕನ್ನು ಕೆಳಗಿಳಿಸಿದ. "ನಾನು... ದಿನಾ ನೋಡ್ತಿದ್ನಲ್ಲಮ್ಮ."

"ಹೊಸ್ತಿಲ ಮೇಲೆ ಕೂತು ಎದುರಿಂದ ನೋಡ್ತಿದ್ದೆ. ಎದುರಿಂದ ನೋಡೋನಿಗೆ ಎಡ ಬಲ ಅದಲು ಬದಲು. ಒಂದಿನ ಪಕ್ಕದಲ್ಲಿ ನಡ್ದಿದ್ರೆ ಗೊತ್ತಾಗ್ತಿತ್ತು."

ಅಷ್ಟರಲ್ಲಿ ಅವಳು ವೇದಿಕೆಯ ಮೆಟ್ಟಿಲಿಗೆ ಬಂದಿದ್ದಳು. ಅವನು ಕೈ ಕೊಟ್ಟ.

"ಅಣಕಿಸೋದಾದ್ರೆ ಪೂರ್ತಿ ಅಣಕಿಸು, ಮಗಾ. ಅರ್ಧ ಬಿಟ್ಟು ಅರ್ಧ ಮಾಡಿದ್ರೆ ಅದು ಕಳ್ಳತನ. ಈ ಕಾಲು ಹೆಂಗೆ ಹಿಂಗಾಯ್ತು ಅಂತ ಯಾವತ್ತಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಅಮ್ಮ ಹಾಗೆ ಹುಟ್ಟಿದ್ದಾಳೆ ಎಂದೇ ಅಂದುಕೊಂಡಿದ್ದ, ಮಕ್ಕಳೆಲ್ಲ ಅಂದುಕೊಳ್ಳುವ ಹಾಗೆ.

"ಕೇಳ್ತೀನಿ. ಹೆಂಗಾಯ್ತಮ್ಮ?" ಎಂದು ಮೈಕನ್ನು ಅವಳ ಬಾಯಿಗೆ ಹಿಡಿದ.

"ಒದ್ದೆ ಬಟ್ಟೆ ಗಾಡಿ. ಇನ್ನೂರು ಕೇಜಿ. ಬ್ರೇಕಿಲ್ಲ ಅಂತ ಮೂರು ಸಲ ಬರ್ದುಕೊಟ್ವಿ. ಸೇರಿದ ಎರಡನೇ ವರ್ಷ ಪಾದದ ಮೇಲೆ ಹತ್ತಿತು. ಆವಾಗ ಸೂಪರ್‌ವೈಸರ್ ಬಂದ್ರು, ಇವತ್ತಿಗೂ ಅವರೇ ಇರೋದು..." ಅಮ್ಮ ಹೊಟ್ಟೆ ಮುಂದೆ ತಳ್ಳಿದಳು, ಕಿವಿಗೊಂದು ಇಲ್ಲದ ಪೆನ್ನು ಸಿಕ್ಕಿಸಿದಳು, ಮೂಗಿನ ತುದಿಯಿಂದ ನೆಲ ನೋಡಿದಳು. "'ಬಟ್ಟೆ ಕೊಳೆ ಆಯ್ತಾ?'"

ನಲವತ್ತು ಹೆಂಗಸರು ಒಮ್ಮೆಲೇ ಭೋರೆಂದರು. ಒಬ್ಬಳಂತೂ ಮುಂದಿನ ಕುರ್ಚಿಗೆ ಗುದ್ದಿ, "ಹಂಗೇ! ಥೇಟ್ ಹಂಗೇ!" ಎಂದಳು.

"ಆಮೇಲೆ?" ಅಂದ ಮಗ, ಮೊದಲ ಬಾರಿಗೆ ಅಮ್ಮನ ಮಾತಿಗೆ ಹೂಂಗುಟ್ಟುವವನಾಗಿ.

"'ಮನೇಲಿ ಜಾರಿ ಬಿದ್ದೆ ಅಂತ ಬರಿ.' ನಾನಂದೆ, ಸಾರ್, ಪೆಟ್ಟಾಗಿದ್ದು ಇಲ್ಲಲ್ವಾ? 'ಕಾಲು ಮನೆಗೂ ಹೋಗುತ್ತಲ್ಲಮ್ಮ!'"

ಈಗ ಹಿಂದಿನ ಹುಡುಗರೂ ಕುರ್ಚಿಯಿಂದ ಜಾರಿದರು. ಕ್ಯಾಮೆರಾದವನ ಹೆಗಲು ಕುಲುಕುತ್ತಿತ್ತು. ನಗು ಇಳಿದಾಗ ಅಮ್ಮ ಕ್ಯಾಮೆರಾದತ್ತ ತಿರುಗಿ ಮೆಲ್ಲಗೆ ಅಂದಳು: "ಹನ್ನೆರಡು ಗಾಡಿ ಇದಾವೆ. ಇವತ್ತಿಗೂ ಒಂದಕ್ಕೂ ಬ್ರೇಕಿಲ್ಲ."

ಮುಗಿದ ಮೇಲೆ ನಿರ್ಮಾಪಕಿ ಕೈ ಹಿಸುಕಿಕೊಂಡಳು. "ಆ ಆಸ್ಪತ್ರೆಯವರು ನಮಗೆ ಜಾಹೀರಾತು ಕೊಡ್ತಾರೆ ಕಣೋ. ಇದನ್ನ ಕತ್ತರಿಸಲೇಬೇಕು."

"ಕತ್ತರಿಸಿ. ಆದ್ರೆ ನಾಳೆ ಆ ಪರದೆಯಿಂದ ಬರೋಕೆ ಬೇರೆ ಕಾಲು ಹುಡುಕ್ಕೊಳ್ಳಿ." ಅವನು ಕಿವಿಯ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ.

ಬಾಗಿಲಲ್ಲಿ ನಿಂತಿದ್ದ ಚಪ್ಪಾಳೆ ಮೇಸ್ತ್ರಿ ಒಳಗೆ ಬಂದ. "ಮೇಡಂ, ನಾನು ಕೈ ಕೆಳಗಿಟ್ಟಿದ್ರೂ ಜನ ನಕ್ಕಿದ್ದು ಒಂಬತ್ತು ವರ್ಷದಲ್ಲಿ ಇದೇ ಮೊದಲು. ನೀವೂ ನಕ್ರಿ. ನೋಡ್ದೆ."

"ಆಸ್ಪತ್ರೆಯ ಹೆಸರು ಹೇಳಿಲ್ಲ ತಾನೇ? ಹೋಗ್ಲಿ, ಕತ್ತರಿಸಲ್ಲ ಬಿಡು," ಎಂದಳು ನಿರ್ಮಾಪಕಿ.

ಬಸ್ ನಿಲ್ದಾಣದವರೆಗೆ ಅವನು ಅಮ್ಮನ ಎಡಕ್ಕೆ ನಡೆದ. ಪಕ್ಕದಲ್ಲಿ ನಡೆದಾಗ ಗೊತ್ತಾಯಿತು: ಅವಳು ಕಾಲು ಎಳೆಯುವುದಿಲ್ಲ. ಎತ್ತಿ, ಕ್ಷಣ ಯೋಚಿಸಿ, ಇಡುತ್ತಾಳೆ.

ಹದಿನೈದು ದಿನಕ್ಕೆ ಅಮ್ಮನ ಫೋನು. "ಬ್ರೇಕ್ ಹಾಕಿದ್ರು ಕಣೋ!"

"ಎಲ್ಲದಕ್ಕೂನಾ?"

"ಎಲ್ಲಿಂದ ಬಂತು? ಒಂದಕ್ಕೆ. ಇನ್ನೂ ಹನ್ನೊಂದಿವೆ."

"ಹಾಗಾದ್ರೆ ಇನ್ನೂ ಹನ್ನೊಂದು ಸಲ ಬರ್ಬೇಕು ನೀನು."

"ಬರ್ತೀನಿ," ಎಂದಳು ಅಮ್ಮ. "ಸೂಪರ್‌ವೈಸರ್ ನಡಿಗೆ ಕಲ್ತಿದ್ಯಾ? ಹಿಂದಿಂದ ನೋಡಿ ಕಲಿ. ಆವಪ್ಪನ ಎದುರಿಗೆ ನಿಂತು ಕಲೀಬೇಡ."