ಕುಂಕುಮದ ಸಿಡಿ

ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಎದುರು ಗೋಣೆಪ್ಪನ ವಿಡಿಯೋ ಅಂಗಡಿ ಇನ್ನೂ ನಡೆದಿದೆ ಎಂದರೆ ಅದು ಅವನ ಹಟದಿಂದಲೇ ಹೊರತು ಗಿರಾಕಿಗಳಿಂದಲ್ಲ. ಕ್ಯಾಸೆಟ್ಟಿನ ಕಾಲ ಮುಗಿಯುವಾಗ ಇಡೀ ತಾಲೂಕಿಗೆ ಮೊದಲು ಸಿಡಿ ಬರೆಯುವ ಮಷಿನ್ ತಂದವನು ಅವನೇ. ಡಿವಿಡಿ ಬಂದಾಗಲೂ ಹಿಂದೆ ಬೀಳಲಿಲ್ಲ. ಮುಂದೆ ಬ್ಲೂ-ರೇ ಎಂಬುದು ಬರುತ್ತದೆ, ಅದರೆದುರು ಉಳಿದದ್ದೆಲ್ಲ ಕಸ ಎಂದು ಹುಬ್ಬಳ್ಳಿಯಲ್ಲಿ ಯಾರೋ ಹೇಳಿದ್ದನ್ನು ನಂಬಿ, ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ ಆ ಮಷಿನ್ನನ್ನೂ ಹೊತ್ತು ತಂದ. ಅಷ್ಟರಲ್ಲಿ ಎದುರಿನ ಅಂಗಡಿಯ ಶಾಹಬಾಜ ಲಗ್ನಗಳನ್ನು ಪೆನ್ ಡ್ರೈವಿಗೆ ಹಾಕಿ ಕೊಡತೊಡಗಿದ. ಬ್ಲೂ-ರೇ ಮಷಿನ್ನಿಗೆ ಗೋಣೆಪ್ಪ ಟವೆಲ್ ಹೊದಿಸಿದ. ಧೂಳು ಬೀಳದಿರಲಿ ಎಂದು ಅವನು ಹೇಳುತ್ತಿದ್ದ, ನಾಚಿಕೆಗೆ ಎಂದು ಓಣಿಯವರು ಹೇಳುತ್ತಿದ್ದರು.

"ಕಾಕಾ, ಹಳೇವು ಎಲ್ಲಾ ಹಾರ್ಡ್ ಡಿಸ್ಕಿಗೆ ಹಾಕಿ ಇಡ್ರಿ," ಎಂದು ಶಾಹಬಾಜ ಎಷ್ಟೋ ಸಲ ಹೇಳಿದ್ದ.

"ಕೈ ಜಾರಿ ಬಿತ್ತಂದ್ರ ನಿನ್ನ ಹಾರ್ಡ್ ಡಿಸ್ಕ್ ಸತ್ತಂಗ. ನನ್ನ ಸಿಡಿ ನೂರು ವರ್ಷ ಬಾಳತೈತಿ," ಎಂದು ಗೋಣೆಪ್ಪ ಅವನ ಬಾಯಿ ಮುಚ್ಚಿಸಿದ್ದ. ನೂರು ವರ್ಷದ ಮಾತು ಸಿಡಿಯ ಪ್ಯಾಕೆಟ್ಟಿನ ಮೇಲೆ ಅಚ್ಚಾಗಿತ್ತು. ಅಚ್ಚಾದದ್ದೆಲ್ಲ ಅವನಿಗೆ ವೇದ.

ಆ ಸೋಮವಾರ ತಿಳವಳ್ಳಿಯ ಉಡಚವ್ವ ಬೆಳಗಿನ ಬಸ್ಸಿಗೆ ಬಂದು, ಖಣದ ಬಟ್ಟೆಯಲ್ಲಿ ಸುತ್ತಿದ ಒಂದು ಸಿಡಿಯನ್ನು ಗೋಣೆಪ್ಪನ ಮುಂದಿಟ್ಟಳು. ಇಪ್ಪತ್ತೊಂದು ವರ್ಷದ ಹಿಂದೆ ಅವಳ ಮಗಳು ಮಲ್ಲಿಕಾಳ ಕುಬಸದ ವಿಡಿಯೋ ತೆಗೆದವನು ಗೋಣೆಪ್ಪ. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹೆಂಗಸರೆಲ್ಲ ಬೆನ್ನುಬಿದ್ದು ಅವಳ ಬಾಯಿಂದಲೇ ಒಂದು ಪದ ಹಾಡಿಸಿದ್ದರು. ಎರಡು ತಿಂಗಳಿಗೆ ಹೆರಿಗೆಯಲ್ಲಿ ಮಲ್ಲಿಕಾ ಹೋದಳು, ಕೂಸು ಉಳಿಯಿತು. ಆ ಕೂಸೇ ಜಯಾ. ಬರುವ ಗುರುವಾರ ಈಗ ಅವಳದೇ ಕುಬಸ.

"ಅವ್ವನ ದನಿ ಒಮ್ಮೆರ ಕೇಳಬೇಕು ಅಂತಾಳ್ರಿ ಜಯಾ. ಮೊಬೈಲಿಗೆ ಹಾಕಿ ಕೊಡ್ರಿ ಅಣ್ಣಾರ."

"ಇಷ್ಟ ವರ್ಷ ಹಚ್ಚಿ ತೋರಿಸಿಲ್ಲೇನ್ರಿ?"

"ಎಲ್ಲೀದ್ರಿ. ಹಚ್ಚಿದ್ರ ನನ್ನ ಎದಿ ಒಡೀತಿತ್ತು. ದೇವರ ಜಗಲಿ ಮ್ಯಾಲೆ ಇಟ್ಟುಬಿಟ್ಟೆ."

ಗೋಣೆಪ್ಪ ಬಟ್ಟೆ ಬಿಚ್ಚಿದ. ಹೊಳೆಯುವ ಮಗ್ಗುಲು ಕನ್ನಡಿಯಂತಿತ್ತು, ಒಂದು ಗೀರಿಲ್ಲ. ಖುಷಿಯಿಂದ ತಿರುವಿ ಹಾಕಿದ. ಮೇಲಿನ ಮಗ್ಗುಲಲ್ಲಿ ದುಂಡಗೆ ಐದು ಕುಂಕುಮದ ಬೊಟ್ಟು.

"ಮುತ್ತೈದಿ ಆಗಿ ಹೋದಾಕಿ ಅಲ್ರಿ," ಎಂದಳು ಉಡಚವ್ವ. "ಅಮಾಸಿಗೊಮ್ಮೆ ಹಳೇ ಕುಂಕುಮ ಉಗುರಿಲೆ ಕೆರದು, ಹೊಸಾದು ಹಚ್ಚತೇನಿ. ಹೊಳಿಯೂ ಮಗ್ಗಲಾ ಮಾತ್ರ ಮುಟ್ಟಿಲ್ಲ. ನೀವ ಹೇಳಿದ್ರೆಲ್ಲಾ, ಈ ಕಡೆ ಏನ ಮಾಡಿದ್ರೂ ನಡೀತೈತಿ ಅಂತ."

ಹೇಳಿದ್ದ. ಅವಳಿಗಷ್ಟೇ ಅಲ್ಲ, ಬಂದ ಗಿರಾಕಿಗೆಲ್ಲ ಹೇಳಿದ್ದ. ಸಿಡಿಯಲ್ಲಿ ತುಂಬಿದ್ದೆಲ್ಲ ಮೇಲಿನ ತೆಳುವಾದ ಬಣ್ಣದ ಕೆಳಗೇ ಇರುತ್ತದೆ, ಹೊಳೆಯುವ ಕಡೆ ಇರುವುದು ಬರೀ ದಪ್ಪ ಪ್ಲಾಸ್ಟಿಕ್ಕು ಎಂದು ಅವನಿಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಗೊತ್ತಾದ ಮೇಲಾದರೂ ನಾಲ್ಕು ಮನೆಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಜನ ಶಾಹಬಾಜನ ಅಂಗಡಿ ಹತ್ತುತ್ತಾರಲ್ಲ! ಮನುಷ್ಯ ಸಣ್ಣವನಾಗಲು ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ.

ಸಿಡಿ ಹಾಕಿದ. ಮಷಿನ್ ಗರಗರ ತಿರುಗಿ ಹೊರಗೆ ದಬ್ಬಿತು. ಮೂರು ಸಲ ಹಾಕಿದ, ಮೂರು ಸಲವೂ ದಬ್ಬಿತು. ಉಡಚವ್ವನನ್ನು ಕೂಡಿಸಿ, ಹತ್ತು ವರ್ಷದಲ್ಲಿ ಮೊದಲ ಬಾರಿ ರಸ್ತೆ ದಾಟಿ ಶಾಹಬಾಜನ ಅಂಗಡಿಗೆ ಹೋದ.

ಶಾಹಬಾಜ ಎರಡು ಮಷಿನ್ನಿಗೆ ಹಾಕಿ ನೋಡಿದ. ಕುಂಕುಮ ಒರೆಸಿ, ಬಾಗಿಲಿಗೆ ಬಂದು ಸಿಡಿಯನ್ನು ಬಿಸಿಲಿಗೆ ಹಿಡಿದ.

"ಬಣ್ಣದ ಜೋಡಿ ಒಳಗಿಂದೂ ಎದ್ದು ಹೋಗೈತ್ರಿ ಕಾಕಾ. ಹೊಳಿಯೂ ಕಡೆ ಗೀರು ಬಿದ್ದಿದ್ರ ಏನರ ಮಾಡಬಹುದಿತ್ತು. ಕ್ಯಾಸೆಟ್ ಐತೇನ್ರಿ?"

ಇರಲಿಲ್ಲ. ಸಿಡಿ ಮಾಡಿ ಕೊಟ್ಟ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಲಗ್ನ ತೆಗೆಯುವುದು ಆಗಿನ ಪದ್ಧತಿ. ಮಲ್ಲಿಕಾಳ ಪದದ ಮೇಲೆ ಅಬಲೂರಿನ ಯಾವುದೋ ಬೀಗರ ಊಟ ಕೂತಿತ್ತು. "ನಾ ಹೇಳಿದ್ದೆ" ಎಂದು ಶಾಹಬಾಜ ಅನ್ನಲಿಲ್ಲ. ಅಂದಿದ್ದರೆ ಗೋಣೆಪ್ಪನಿಗೆ ಜಗಳಕ್ಕಾದರೂ ದಾರಿಯಾಗುತ್ತಿತ್ತು.

ನಿಮ್ಮ ಕೈಯಿಂದಲೇ ಹೀಗಾಯಿತು ಎಂದು ಆ ತಾಯಿಗೆ ಹೇಳಲು ಸಾಧ್ಯವೇ? ರಸ್ತೆ ದಾಟುವಷ್ಟರಲ್ಲಿ ಅವನು ಸುಳ್ಳೊಂದನ್ನು ಹೊಂದಿಸಿಕೊಂಡ.

"ಸಿಡೀನ ಖೊಟ್ಟಿ ಇತ್ರಿ ಅಕ್ಕಾರ. ನಂದ ತಪ್ಪು."

ಉಡಚವ್ವ ಸಿಡಿಯನ್ನು ಇಸಿದುಕೊಂಡಳು. ಶಾಹಬಾಜ ಮಾಡಿದ್ದನ್ನು ಕೂತಲ್ಲಿಂದಲೇ ನೋಡಿದ್ದಳು. ತಾನೂ ಎದ್ದು ಬಿಸಿಲಿಗೆ ಹಿಡಿದಳು. ಐದು ಕಡೆ ಬಿಸಿಲು ತೂರಿ ಅವಳ ಮುಖದ ಮೇಲೆ ಬಿತ್ತು.

"ಇವು ನಾ ಹಚ್ಚಿದ ಜಾಗಾ," ಎಂದಳು.

"ನಾ ಹೇಳಿದ್ದಕ್ಕ ಹಚ್ಚೀರಿ. ಪಾಪ ನಂದು." ಗೋಣೆಪ್ಪ ಒಪ್ಪಿಕೊಂಡ.

ಅವಳು ಸಿಡಿಯನ್ನು ಮತ್ತೆ ಖಣದ ಬಟ್ಟೆಯಲ್ಲಿ ಸುತ್ತತೊಡಗಿದಳು. "ಹೋಗ್ಲಿ ಬಿಡ್ರಿ. ಆವತ್ತು ನೀವು ಮುಂದ ನಿಂತಿದ್ರಿ. ಯಾವ ಪದ ಹಾಡಿದ್ಳು, ಅದನ್ನರ ಹೇಳ್ರಿ. ನಾನ ಜಯಾಗ ಹೇಳತೇನಿ."

ಗೋಣೆಪ್ಪ ತಲೆ ತಗ್ಗಿಸಿದ. ಆವತ್ತು ಅವನು ನೋಡುತ್ತ ನಿಂತದ್ದು ಕ್ಯಾಮೆರಾದ ಬ್ಯಾಟರಿಯನ್ನು. ಪದ ಅವನ ಕಿವಿಗೇ ಬಿದ್ದಿರಲಿಲ್ಲ.

"ನೆನಪಿಲ್ರಿ ಅಕ್ಕಾರ. ನಿಮಗ?"

ಮೊದಲ ಸಾಲು ಹಾಡಲೆಂದು ಉಡಚವ್ವ ಬಾಯಿ ತೆರೆದಳು. ಬರಲಿಲ್ಲ.

"ಇದರಾಗ ಐತಲ್ಲಾ ಅಂತ," ಎಂದಳು, "ನಾ ನೆನಪು ಇಟಗೊಳ್ಳಲಿಲ್ರಿ."